ತಲೆಯ ಮೇಲಿನ ಮಾತು

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ನೀರಿನ ತಾಪತ್ರಯದ ಬಗ್ಗೆ ನಾವು ಬರೆದುದನ್ನು ಓದಿದ ಹಿರಿಯರೊಬ್ಬರು, ಸಂಘದ ಮೆಟ್ಟಿಲ ಮೇಲೆ ನಮ್ಮನ್ನು ತಡೆದು, "ಮುಂದಿನ ಸಲವಾದರೂ ಏನಾದರೂ ಹಗುರವಾದುದನ್ನು ಬರೆಯಿರಿ" ಎಂದರು. ಕೂದಲಿಗಿಂತ ಹಗುರವಾದುದು ಇನ್ನೇನಿದೆ? ಅದರಲ್ಲೂ ನಮ್ಮ ತಲೆಯ ಮೇಲೆ ಅದು ವರ್ಷದಿಂದ ವರ್ಷಕ್ಕೆ ಹಗುರವಾಗುತ್ತಲೇ ಇದೆ. ಆದುದರಿಂದ ಈ ಸಲ ಕೂದಲಿನ ವಿಚಾರ. ಹಗುರವಾಗಿಯೇ ಉಳಿಯಿತೇ ಎಂಬುದನ್ನು ವಾಚಕರೇ ನಿರ್ಣಯಿಸಬೇಕು.

ನಮ್ಮ ಅಕ್ಕನ ಮಗ ಸಂತೋಷ, ಧಾರವಾಡದಲ್ಲಿ ಪದವಿ ಮುಗಿಸಿ ಪುಣೆಯಲ್ಲಿ ಕೆಲಸ ಹಿಡಿದವನು, ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿಯೇ ಇದ್ದಾನೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಚಿತ್ರ ಬರೆಯುತ್ತಾನೆ. ರಾತ್ರಿ ಗಿಟಾರು ಹಿಡಿಯುತ್ತಾನೆ. ಒಂದು ವರ್ಷದಿಂದ ಕ್ಷೌರದ ಅಂಗಡಿಯ ಕಡೆಗೆ ಹಾಯದೆ ಕೂದಲನ್ನು ಭುಜದ ತನಕ ಬಿಟ್ಟಿದ್ದ. ಈಗಿನ ಹುಡುಗರು ಹೀಗೆಯೇ ಎಂದು ನಾವು ಸುಮ್ಮನಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಅವಲಕ್ಕಿಯ ತಾಟು ಮುಂದಿಟ್ಟುಕೊಂಡು ಬಾಯಿಬಿಟ್ಟ:

"ಮಾಮಾ, ನಾ ಡ್ರೆಡ್‌ಲಾಕ್ಸ್ ಮಾಡಿಸ್ಕೋಬೇಕಂತ ಮಾಡೀನಿ."

ಲಾಕು ಎಂದರೆ ನಮಗೆ ಗೊತ್ತಿದ್ದುದು ಕಚೇರಿಯ ಕಪಾಟಿನ ಬೀಗವೊಂದೇ. ಆತ ಮೊಬೈಲಿನಲ್ಲಿ ಬಾಬ್ ಮಾರ್ಲಿಯ ಚಿತ್ರ ತೋರಿಸಿದ ಮೇಲೆ ತಿಳಿಯಿತು. ನಮ್ಮ ಹೆಣ್ಣುಮಕ್ಕಳು ಹೆಣೆದುಕೊಳ್ಳುವ ಜಡೆಯಲ್ಲ ಇದು. ಕೂದಲು ತನಗೆ ತಾನೇ ಸಿಕ್ಕುಗೊಂಡು ಹಗ್ಗದಂತೆ ಗಟ್ಟಿಯಾಗಿ ಇಳಿಬೀಳುವ ಜಟೆ. ಒಲೆಯ ಬಳಿ ಇದ್ದ ನಮ್ಮ ಅವ್ವ ಬಂದು ಚಿತ್ರ ನೋಡಿದಳು. ಅವಳ ಮುಖ ಬಿಗಿಯಿತು.

"ಇದು ಜಡಿ. ಈ ಮನಿಯಾಗ ಜಡಿ ಬ್ಯಾಡ," ಎಂದು ಹೇಳಿ ಒಳಗೆ ಹೋದಳು. ಆ ದಿನ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಬಿ.ಎ. ಪಾಸಾಗಿ ಹತ್ತಾರು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಬೇಕು ಅಥವಾ ಬೇಡ ಎನ್ನುವ ಮೊದಲು ಟಿಪ್ಪಣಿ ತಯಾರಾಗಬೇಕು. ಮುಂದಿನ ಶನಿವಾರ ನಾವು ಹುಡುಗನ ಜೊತೆಗೆ, ಈ ಕೆಲಸವನ್ನೇ ಕಸುಬು ಮಾಡಿಕೊಂಡ ಒಬ್ಬ ತರುಣಿಯ ಅಂಗಡಿಗೆ ಹೋದೆವು. ಆಕೆ ಬೇಸರಪಡದೆ ಎಲ್ಲವನ್ನೂ ವಿವರಿಸಿದಳು. ನಾವು ಹಾಳೆಯ ಮೇಲೆ ಬರೆದುಕೊಂಡ ವಿಧಾನಗಳು ಐದು.

ಮೊದಲನೆಯದು, ಏನನ್ನೂ ಮಾಡದಿರುವುದು. ಇದು ನಮ್ಮ ಕಚೇರಿಗೆ ಚಿರಪರಿಚಿತವಾದ ಪದ್ಧತಿ. ಕಡತವನ್ನು ಮುಟ್ಟದೆ ಬಿಟ್ಟರೆ ಅದು ತಾನಾಗಿಯೇ ಗಂಟಾಗುತ್ತದೆ. ಹಣಿಗೆ ಹಾಕುವುದನ್ನು ಬಿಟ್ಟುಬಿಟ್ಟರೆ ಕೂದಲಿಗೆ ಕೂದಲು ಸುತ್ತಿಕೊಂಡು ಜಟೆಯಾಗುತ್ತದೆ. ಖರ್ಚಿಲ್ಲ. ಆದರೆ ನೆಟ್ಟಗಿನ ಕೂದಲಿಗೆ ಎರಡು ವರ್ಷವಾದರೂ ಹಿಡಿಯಬಹುದು; ಒಂದು ಜಟೆ ಬೆರಳಿನಷ್ಟು, ಇನ್ನೊಂದು ಮುಂಗೈಯಷ್ಟು ಆಗುತ್ತದೆ. ಬುಡದಲ್ಲಿ ಆಗಾಗ ಕೈಯಿಂದ ಬಿಡಿಸದಿದ್ದರೆ ಎಲ್ಲ ಕೂಡಿ ಹಲಗೆಯಂತಾಗುತ್ತದೆ.

ಎರಡನೆಯದು, ಉಲ್ಟಾ ಬಾಚುವುದು. ತಲೆಯನ್ನು ಒಂದಂಗುಲದ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದ ಕೂದಲನ್ನೂ ಸಣ್ಣ ಹಲ್ಲಿನ ಹಣಿಗೆಯಿಂದ ತುದಿಯ ಕಡೆಯಿಂದ ಬುಡದ ಕಡೆಗೆ ಬಾಚಿ ಒತ್ತುತ್ತಾರೆ. ಇಡೀ ದಿನದ ಕೆಲಸ. ಕೂದಲು ಆರಂಗುಲವಾದರೂ ಉದ್ದವಿರಬೇಕು. ನಮ್ಮವರಂಥ ನೆಟ್ಟಗಿನ ಕೂದಲಿಗೂ ಹೊಂದುತ್ತದೆ. ಆದರೆ ಮೊದಲ ಕೆಲವು ತಿಂಗಳು ತೊಳೆದಾಗಲೆಲ್ಲ ಸಡಿಲಾಗುತ್ತದೆ.

ಮೂರನೆಯದು, ಸೂಜಿ. ಕೊಕ್ಕೆಯುಳ್ಳ ಬಹಳ ಸಣ್ಣ ಕ್ರೋಶಾ ಸೂಜಿಯಿಂದ ಬಿಡಿ ಎಳೆಗಳನ್ನು ಜಟೆಯ ಒಳಕ್ಕೆ ಸೆಳೆದು ಬಿಗಿ ಮಾಡುತ್ತಾರೆ. ಉಲ್ಟಾ ಬಾಚಿದ ಮೇಲೆ ಇದನ್ನು ಮಾಡಿದರೆ ಜಟೆ ಅಂದೇ ಗಟ್ಟಿಯಾಗಿ ನಿಲ್ಲುತ್ತದೆ. ಕೈ ಒರಟಾದರೆ, ಅಥವಾ ಮೇಲಿಂದ ಮೇಲೆ ಮಾಡಿದರೆ, ಕೂದಲು ಒಳಗೊಳಗೇ ತುಂಡಾಗುತ್ತದೆ.

ನಾಲ್ಕನೆಯದು, ಬತ್ತಿ ಹೊಸೆದಂತೆ ಹೊಸೆಯುವುದು. ಆಫ್ರಿಕದ ಮೂಲದ ಜನರ ಬಿಗಿ ಗುಂಗುರು ಕೂದಲಿಗೆ ಇದು ಹೇಳಿ ಮಾಡಿಸಿದಂತಿದೆ. ನೆಟ್ಟಗಿನ ಕೂದಲನ್ನು ಹೊಸೆದರೆ, ಎಣ್ಣೆ ಹಾಕದ ಬತ್ತಿಯಂತೆ, ಕೈ ಬಿಟ್ಟೊಡನೆ ಬಿಚ್ಚಿಕೊಳ್ಳುತ್ತದೆ.

ಐದನೆಯದು, ಜಟೆಯ ತುದಿಯನ್ನು ಅದರದೇ ಬುಡದೊಳಗೆ ತೂರಿಸಿ ಎಳೆಯುವುದು. ಇದು ಹೊಸದಾಗಿ ಬೆಳೆದ ಕೂದಲನ್ನು ಬಿಗಿಮಾಡಲು ಹೆಚ್ಚು ಉಪಯೋಗ. ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವುದರಿಂದ, ಆರೆಂಟು ವಾರಕ್ಕೊಮ್ಮೆ ಮಾಡಬೇಕು. ಪ್ರತಿ ಸಲವೂ ಒಂದೇ ದಿಕ್ಕಿನಿಂದ ತೂರಿಸಿದರೆ ಬುಡದಲ್ಲಿ ತೂತು ಬಿದ್ದು ಜಟೆ ಸೀಳುತ್ತದೆ, ದಿಕ್ಕು ಬದಲಿಸುತ್ತಿರಬೇಕು. ಅತಿಯಾಗಿ ಬಿಗಿದರೆ ಕೂದಲಿನ ಬೇರೇ ಸೋತು ನೆತ್ತಿ ಬರಿದಾಗುತ್ತದೆ. ಈ ಮಾತು ಹೇಳುವಾಗ ಆಕೆ ನಮ್ಮ ನೆತ್ತಿಯ ಕಡೆಗೊಮ್ಮೆ ನೋಡಿದಳು. ನಾವು ಜಟೆಯನ್ನೇ ಬಿಡದೆ ಆ ಸ್ಥಿತಿಗೆ ಬಂದವರೆಂದು ಹೇಳಬೇಕಾಯಿತು.

ಅಂದು ರಾತ್ರಿ ಊಟದ ನಂತರ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದೆವು. ಮೊದಲನೆಯ ವಿಧಾನ ಮುಗಿಯುತ್ತಲೇ ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಏನೂ ಮಾಡದಿದ್ರ ಜಡಿ ಆಗ್ತದ ಅಂತ ಬರದೀಯಲ್ಲ, ಖರೇನ ಅದು? ದೇವಿ ಬರಬೇಕಂತಿಲ್ಲೇನು?"

"ಇಲ್ಲವ್ವ. ದಿನಾ ಐವತ್ತರಿಂದ ನೂರು ಕೂದಲು ಎಲ್ಲಾರ ತಲಿಯಿಂದಾನೂ ಉದುರತಾವ. ಹಣಿಗಿ ಹಾಕದಿದ್ರ ಉದುರಿದ್ದು ಅಲ್ಲೇ ಸಿಕ್ಕೊಂಡು ಉಳಿದದ್ದಕ್ಕ ಸುತ್ತಕೋತಾವ. ಅಷ್ಟ."

ಅವ್ವ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತಳು. ಆಮೇಲೆ ಆಕೆ ಹೇಳಿದ್ದು ನಮಗೆ ಅರ್ಧ ಗೊತ್ತಿತ್ತು; ಇನ್ನರ್ಧ ಅಂದೇ ತಿಳಿಯಿತು.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಸವದತ್ತಿಯ ಸೀಮೆಯ ಹಳ್ಳಿಯಲ್ಲಿದ್ದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದಳು. ತಲೆ ತೊಳೆಯಲಿಲ್ಲ, ಬಾಚಲಿಲ್ಲ. ಎದ್ದಾಗ ಹಿಂದೆಲೆಯಲ್ಲಿ ಕೂದಲು ಗಂಟುಗಟ್ಟಿತ್ತು. ಎಣ್ಣೆ ಹಚ್ಚಿ ಕೂತು ಬಿಡಿಸಿದ್ದರೆ ಒಂದು ದಿನದ ಕೆಲಸ. ಆದರೆ ನೋಡಬಂದ ನೆರೆಯವಳೊಬ್ಬಳು ಕೈಮುಗಿದು, "ಎಲ್ಲಮ್ಮ ಬಂದಾಳ" ಎಂದುಬಿಟ್ಟಳು. ಅಂದಿನಿಂದ ಆ ತಲೆಗೆ ಹಣಿಗೆ ಸೋಕಲಿಲ್ಲ. ಗಂಟಿಗೆ ಭಂಡಾರ ಹಚ್ಚಿದರು. ಕತ್ತರಿಸಿದರೆ ರಕ್ತ ಬರುತ್ತದೆ, ಮನೆಯಲ್ಲಿ ಸಾವಾಗುತ್ತದೆ ಎಂದರು. ಮುತ್ತು ಕಟ್ಟಿಸಿ ದೇವಿಗೆ ಬಿಡುವ ಮಾತೂ ನಡೆಯಿತು. ನಮ್ಮ ಅಜ್ಜ ಅದೊಂದಕ್ಕೆ ಒಪ್ಪಲಿಲ್ಲ. ಆದರೆ ಜಡೆ ಬಂದ ಹುಡುಗಿಯನ್ನು ಮದುವೆಯಾಗಲು ಯಾರೂ ಮುಂದೆ ಬರಲಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯಾದುದು ೧೯೮೨ರಲ್ಲಿ. ಅಷ್ಟರಲ್ಲಿ ಆಕೆಯ ಆಯುಷ್ಯದ ದಾರಿ ತೀರ್ಮಾನವಾಗಿ ಹೋಗಿತ್ತು. ನಾವು ಚಿಕ್ಕವರಿದ್ದಾಗ ಆಕೆ ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ನಡೆಯುತ್ತಿದ್ದುದು ನೆನಪಿದೆ. ಭಕ್ತಿಯಿಂದ ಹಾಗೆ ನಡೆಯುತ್ತಾಳೆಂದು ತಿಳಿದಿದ್ದೆವು. ಅದು ಭಾರಕ್ಕೆ ವಾಲಿದ ಕುತ್ತಿಗೆ.

"ರಾತ್ರಿ ಕೆರಕೊಂಡು ಕೆರಕೊಂಡು ಅಳತಿದ್ದಳು," ಎಂದಳು ಅವ್ವ. "'ತಂಗೀ, ಕೊಯ್ದು ಹಾಕ' ಅಂತ ಒಂದಿನ ನನ್ನ ಕೈ ಹಿಡದಳು. ನಾ ಕತ್ತರಿ ತಗೊಂಡು ಹೋದೆ. ಹೋಗಿ, ನೀ ಹೊಟ್ಟ್ಯಾಗಿದ್ದಿ ಅಂತ ಅಂಜಿ ತಿರುಗಿ ಬಂದೆ. ಆಮ್ಯಾಲೆ ಅಕಿ ಎಂದೂ ಕೇಳಲಿಲ್ಲ. ಅದನ್ನ ಹೊತ್ತಕೊಂಡ ಮಣ್ಣಿಗೆ ಹೋದಳು."

ಯಾರೂ ಮಾತಾಡಲಿಲ್ಲ. ತೊಗಲಿನಿಂದ ಹೊರಗೆ ಬಂದ ಕೂದಲಿನಲ್ಲಿ ರಕ್ತವಿಲ್ಲ, ನರವಿಲ್ಲ. ಉಗುರು ಕತ್ತರಿಸಿದಷ್ಟೇ ಅದು ಎಂಬುದನ್ನು ಶಾಲೆಯ ಪುಸ್ತಕದಲ್ಲಿ ನಾವೂ ಓದಿದ್ದೆವು. ಓದಿದ್ದನ್ನು ಒಂದು ದಿನವಾದರೂ ಊರಿಗೆ ಹೋದಾಗ ಹೇಳಿದ್ದೆವೆಯೇ ಎಂದು ನಮ್ಮನ್ನೇ ಕೇಳಿಕೊಂಡೆವು. ಹೇಳಿರಲಿಲ್ಲ.

ಕೊನೆಗೆ ಸಂತೋಷ ಮೆಲ್ಲಗೆ ತನ್ನ ಮಾತು ಹೇಳಿದ. ಅವನ ಬಾಬ್ ಮಾರ್ಲಿ ಜಮೈಕಾ ದ್ವೀಪದವನು, ೧೯೮೧ರಲ್ಲಿ ತೀರಿಕೊಂಡ. ೧೯೩೦ರ ದಶಕದಲ್ಲಿ ಅಲ್ಲಿ ಹುಟ್ಟಿದ ರಾಸ್ತಫಾರಿ ಪಂಥದ ಜನ, ಗುಲಾಮರಾಗಿ ತಂದ ಕರಿಯರ ವಂಶದವರು, ಮುಂದೆ ಜಟೆಯನ್ನು ತಮ್ಮ ನಂಬಿಕೆಯ ಮತ್ತು ಮಾನದ ಗುರುತಾಗಿ ಬೆಳೆಸಿದರು. ಆಳುವವರಿಗೆ ಅದು ಸಹಿಸಲಿಲ್ಲ. ೧೯೬೩ರಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನಂತರ ಪೊಲೀಸರು ಅವರನ್ನು ಹಿಡಿದು ಬಡಿದರು, ಜಟೆಗಳನ್ನು ಬಲವಂತವಾಗಿ ಕತ್ತರಿಸಿದರು. ಅಲ್ಲಿಯ ಸರಕಾರ ಅದಕ್ಕೆ ಕ್ಷಮೆ ಕೇಳಿದ್ದು ೨೦೧೭ರಲ್ಲಿ.

ಅವ್ವ ಇದನ್ನು ಗಮನವಿಟ್ಟು ಕೇಳಿದಳು. "ಅಲ್ಲೆ ಬ್ಯಾಡಂದ್ರೂ ಕೊಯ್ದರು, ಇಲ್ಲೆ ಕೊಯ್ಯಿ ಅಂದ್ರೂ ಕೊಯ್ಯಲಿಲ್ಲ," ಎಂದಳು. "ಹೊತ್ತವರನ್ನ ಯಾರೂ ಕೇಳಲಿಲ್ಲ ನೋಡು."

ನಮ್ಮ ಟಿಪ್ಪಣಿಯಲ್ಲಿ ಇಲ್ಲದಿದ್ದ ಅಭಿಪ್ರಾಯ ಇದೇ. ಅದರ ಆಧಾರದ ಮೇಲೆಯೇ ತೀರ್ಮಾನವಾಯಿತು. ಕೇಳಿದವನು ಹೊರುವವನೇ ಆದುದರಿಂದ ಜಟೆ ಮಂಜೂರು. ವಿಧಾನ: ಎರಡು ಮತ್ತು ಮೂರು ಕೂಡಿ, ಅಂದರೆ ಉಲ್ಟಾ ಬಾಚಿ, ಸೂಜಿಯಿಂದ ಹದವಾಗಿ ಬಿಗಿಯುವುದು. ಮೊದಲನೆಯದನ್ನು ಅವ್ವ ಸಾರಾಸಗಟಾಗಿ ತಿರಸ್ಕರಿಸಿದಳು. ಅವಳ ಷರತ್ತು ಒಂದೇ: ಬೇಸರವಾದ ದಿನ ಹೇಳಬೇಕು, ಅಂದೇ ಕತ್ತರಿಸಬೇಕು, ಆಗ ಯಾರೂ ಯಾಕೆಂದು ಕೇಳಬಾರದು.

ಜಟೆ ಕಟ್ಟಿಸಿ ಈಗ ಒಂದು ವರ್ಷವಾಗುತ್ತ ಬಂತು. ತಲೆಯ ಮೇಲೆ ಐವತ್ತೆರಡು ಜಟೆಗಳಿವೆ. ಕಟ್ಟಿದ ಮೇಲೆ ಉದ್ದ ಕುಗ್ಗುತ್ತದೆಂದು ಮೊದಲೇ ತಿಳಿದಿದ್ದುದರಿಂದ ಹುಡುಗ ಗಾಬರಿಯಾಗಲಿಲ್ಲ. ಇಂಥ ಮಕ್ಕಳು ಮನೆಯಲ್ಲಿರುವ ಓದುಗರ ಉಪಯೋಗಕ್ಕಾಗಿ, ಪಾಲನೆಯ ನಾಲ್ಕು ಮಾತು.

ಜಟೆಯನ್ನು ತೊಳೆಯಬಾರದೆಂಬುದು ಶುದ್ಧ ಸುಳ್ಳು. ವಾರಕ್ಕೊಮ್ಮೆಯಾದರೂ ತೊಳೆಯಬೇಕು, ಜಿಡ್ಡು ಉಳಿಸದ ಶಾಂಪೂ ಬೇಕು. ಸೀಗೆಪುಡಿ ಹಾಕಿದರೆ ಪುಡಿಯೆಲ್ಲ ಒಳಗೆ ಕೂರುತ್ತದೆ. ಅವ್ವ ಒಂದು ಸಲ ಪ್ರೀತಿಯಿಂದ ಕೊಬ್ಬರಿ ಎಣ್ಣೆ ತಿಕ್ಕಿದ್ದರಿಂದ ಮೂರು ವಾರದ ಬಿಗಿ ಜಾರಿ ಹೋಯಿತು. ಮೇಣ ಹಚ್ಚುವವರೂ ಇದ್ದಾರಂತೆ. ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಒಣಗಿಸುವುದು. ಒಳಗೆ ಪಸೆ ಉಳಿದರೆ ಬೂಸಲು ಹಿಡಿದು ಒದ್ದೆ ಚಾಪೆಯ ವಾಸನೆ ಬರುತ್ತದೆ. ಪುಣೆಯ ಮಳೆಗಾಲದಲ್ಲಿ ಅರಿವೆಗಳೇ ಒಣಗುವುದಿಲ್ಲ. ಅದಕ್ಕೆ ಹುಡುಗ ಬೆಳಿಗ್ಗೆಯೇ ತೊಳೆದು, ಟವೆಲಿನಿಂದ ಹಿಂಡಿ, ಗಾಳಿಯಂತ್ರ ಹಿಡಿಯುತ್ತಾನೆ. ಹಸಿ ತಲೆಯಲ್ಲಿ ಮಲಗುವುದಿಲ್ಲ. ಬಿಗಿಯಾಗಿ ಎತ್ತಿ ಕಟ್ಟುವುದಿಲ್ಲ. ವಾರಕ್ಕೊಮ್ಮೆ ಬುಡದಲ್ಲಿ ಒಂದಕ್ಕೊಂದು ಅಂಟಿದ ಜಟೆಗಳನ್ನು ಬೇರ್ಪಡಿಸಬೇಕು.

ಈ ಕೊನೆಯ ಕೆಲಸ ಅವ್ವನದು. ಸೂಜಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ, "ಅಯ್ಯ, ಇದು ನಮ್ಮ ಕ್ರೋಶಾ ಸೂಜಿನ ಅಲ್ಲೇನು?" ಎಂದಳು. ಲಗ್ನಕ್ಕೆ ಮುಂಚೆ ರುಮಾಲಿನ ಅಂಚು ಹೆಣೆದ ಕೈ. ಭಾನುವಾರ ಮಧ್ಯಾಹ್ನ ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು ಒಂದೊಂದೇ ಜಟೆಯನ್ನು ಬಿಡಿಸುತ್ತಾಳೆ. "ಭಾರ ಆಗೇದೇನೋ?" ಎಂದು ಪ್ರತಿ ವಾರ ಕೇಳುತ್ತಾಳೆ. "ಇಲ್ಲ ಆಯಿ," ಎನ್ನುತ್ತಾನೆ. ಕತ್ತರಿ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ.

ಈ ಲೇಖನ ಬರೆಯುತ್ತಿದ್ದಾಗ ಅವ್ವ ಪಕ್ಕದಲ್ಲಿ ಬಂದು ಕುಳಿತು, ಒಂದು ಮಾತನ್ನು ತಪ್ಪದೆ ಸೇರಿಸಬೇಕೆಂದಳು. ಪುಣೆಯ ಓದುಗರಿಗೆ ಡಾ. ನರೇಂದ್ರ ದಾಭೋಲಕರರ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ೧೯೮೯ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಕಟ್ಟಿದ ಅವರು ೨೦೧೩ರ ಆಗಸ್ಟ್ ೨೦ರಂದು ಇದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಆ ಸಮಿತಿಯ ಕಾರ್ಯಕರ್ತರು, ಅಂಜಿಕೆಯಿಂದ ಜಟೆ ಹೊತ್ತ ಹೆಂಗಸರ ಮನೆಗೆ ಹೋಗಿ, ಬೇಕಾದಷ್ಟು ಸಲ ಮಾತಾಡಿ, ಅವರು ಒಪ್ಪಿದ ಮೇಲೆಯೇ ಕತ್ತರಿ ಹಚ್ಚುತ್ತಾರೆ. ನಮ್ಮ ಓದುಗರಲ್ಲಿ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ಬಹಳ. ಅವರ ಮನೆಯಲ್ಲಾಗಲಿ, ಬಿಟ್ಟುಬಂದ ಊರಿನಲ್ಲಾಗಲಿ, ಕುತ್ತಿಗೆ ವಾಲಿಸಿ ನಡೆಯುವ ದೊಡ್ಡವ್ವ ಒಬ್ಬಳು ಇದ್ದರೆ,

"ಬಾಜೂಕ ಕೂತು ಕೇಳರಿ ಅಂತ ಬರಿ," ಎಂದಳು ಅವ್ವ. "ಭಾರ ಆಗೇದೇನಂತ ಒಂದು ಮಾತು ಕೇಳರಿ. ಹೂಂ ಅಂದ್ರ, ನನ್ನಂಗ ತಿರುಗಿ ಬರಬ್ಯಾಡರಿ."

ಬರೆದಿದ್ದೇವೆ.