ಓಟಗಾರನ ಸೆಳೆತಕ್ಕೆ ಮೆಗ್ನೀಸಿಯಮ್ ಗುಳಿಗೆಯೇ ಮದ್ದೆ?

ಪುಣೆಗೂ ದೂರದ ಓಟಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. 1919ರಲ್ಲಿ ಇಲ್ಲಿನ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟದಲ್ಲಿ ಬರಿಗಾಲಿನಿಂದ ಓಡಿದ ಹಳ್ಳಿಗರ ಸಾಮರ್ಥ್ಯವನ್ನು ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ಗಮನಿಸಿದರು. ಅದರ ಫಲವಾಗಿ ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಚಿಕ್ಕ ತಂಡವೊಂದು ಹೊರಟಿತು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆಯವರು ಮ್ಯಾರಥಾನ್ ಓಟವನ್ನು ಸುಮಾರು 2 ಗಂಟೆ 51 ನಿಮಿಷಗಳಲ್ಲಿ ಮುಗಿಸಿ 19ನೆಯ ಸ್ಥಾನ ಪಡೆದರು. ಮುಂದೆ 1983ರಲ್ಲಿ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ಆರಂಭವಾಯಿತು. ಅದರ ಮುಂದಾಳಾಗಿದ್ದ ಸುರೇಶ ಕಲ್ಮಾಡಿಯವರು, ಇಲ್ಲಿನ ಕನ್ನಡಿಗರ ಶಾಲೆಗೆ ಯಾರ ಹೆಸರಿದೆಯೋ ಆ ಡಾ. ಕಲ್ಮಾಡಿ ಶಾಮರಾಯರ ಪುತ್ರರು.

ಈ ಪರಂಪರೆ ಇಂದು ನಮ್ಮ ಮನೆಮನೆಗೂ ಬಂದಿದೆ. ಹಿಂಜವಡಿಯ ಕಚೇರಿಗಳಲ್ಲಿ ದಿನವಿಡೀ ಕುಳಿತು ದುಡಿಯುವ ತರುಣರು, ನಿವೃತ್ತಿಯ ಅನಂತರ ಆರೋಗ್ಯದ ಕಡೆಗೆ ಮನಸ್ಸು ಹರಿಸಿದ ಹಿರಿಯರು, ಮಕ್ಕಳನ್ನು ದಡ ಸೇರಿಸಿ ಬಿಡುವು ಕಂಡ ಗೃಹಿಣಿಯರು, ಹೀಗೆ ಎಲ್ಲರೂ ಬೆಳಗಿನ ಜಾವ ತಳಜಾಯಿಯಲ್ಲಿಯೋ ವೇತಾಳ ಟೇಕಡಿಯಲ್ಲಿಯೋ ಓಡುವುದನ್ನು ಕಾಣುತ್ತೇವೆ. ಇದು ಸಂತೋಷದ ಸಂಗತಿ. ಆದರೆ ಇದರ ಬೆನ್ನಿಗೇ ಒಂದು ಹೊಸ ವಾಡಿಕೆಯೂ ಬೆಳೆದಿದೆ. ಓಟದ ಕೊನೆಯ ಹಂತದಲ್ಲಿ ಮೀನಖಂಡ ಹಿಡಿದುಕೊಂಡಿತೆಂದರೆ (ನಮ್ಮ ಮರಾಠಿ ನೆರೆಯವರು ಇದನ್ನೇ 'ಗೋಳಾ ಆಲಾ' ಎನ್ನುತ್ತಾರೆ) ಮರುದಿನವೇ ಔಷಧದಂಗಡಿಯಿಂದ ಮೆಗ್ನೀಸಿಯಮ್ ಗುಳಿಗೆಯ ಡಬ್ಬಿ ಮನೆಗೆ ಬರುತ್ತದೆ. ವೈದ್ಯರ ಚೀಟಿಯಿಲ್ಲ, ಪರೀಕ್ಷೆಯಿಲ್ಲ; ಜೊತೆಗಾರನೊಬ್ಬನ ಮಾತೇ ಪ್ರಮಾಣ. ಈ ವಾಡಿಕೆ ಬಹುಮಟ್ಟಿಗೆ ನಿರರ್ಥಕವೆಂದೂ, ಕೆಲವರ ಮಟ್ಟಿಗೆ ಅಪಾಯಕರವೆಂದೂ ನನ್ನ ಅಭಿಪ್ರಾಯ.

ಮೆಗ್ನೀಸಿಯಮ್ಮನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಮ್ ಇರುತ್ತದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿದೆ. ನರಗಳ ಮತ್ತು ಸ್ನಾಯುಗಳ ಕಾರ್ಯಕ್ಕೆ ಅದು ಅವಶ್ಯಕ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಅಪಸ್ಮಾರದಂತಹ ಸೆಳವು ಬರುವ ಅಪಾಯವಿದ್ದಾಗ ಮೆಗ್ನೀಸಿಯಮ್ ಸಲ್ಫೇಟ್ ಪ್ರಾಣರಕ್ಷಕ ಔಷಧ. 33 ದೇಶಗಳ 10,000ಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವು, ಅದು ಈ ಅಪಾಯವನ್ನು ಅರ್ಧಕ್ಕಿಳಿಸುತ್ತದೆಂದು ತೋರಿಸಿತು. ಆದರೆ ಒಂದು ರೋಗಕ್ಕೆ ದಿವ್ಯೌಷಧವಾದದ್ದು ಇನ್ನೊಂದಕ್ಕೂ ಔಷಧವಾಗಬೇಕೆಂಬ ನಿಯಮವೇನೂ ಇಲ್ಲ.

ಓಟಗಾರರ ಸೆಳೆತದ ವಿಷಯದಲ್ಲಿ ಸಾಕ್ಷ್ಯವೇನು? ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು ಸ್ನಾಯುಸೆಳೆತಕ್ಕೆ ಮೆಗ್ನೀಸಿಯಮ್ ಕೊಟ್ಟ 11 ಪ್ರಯೋಗಗಳನ್ನು ಪರಿಶೀಲಿಸಿ 2020ರಲ್ಲಿ ವರದಿ ನೀಡಿತು. ವಯಸ್ಸಾದವರ ಸೆಳೆತವನ್ನು ಅದು ಗಣನೀಯವಾಗಿ ತಡೆಯುವ ಸಂಭವವಿಲ್ಲ ಎಂಬುದು ಆ ವರದಿಯ ತೀರ್ಮಾನ. ಗರ್ಭಿಣಿಯರ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ವ್ಯಾಯಾಮದಿಂದ ಬರುವ ಸೆಳೆತದ ಬಗ್ಗೆಯಂತೂ ಸರಿಯಾದ ಪ್ರಯೋಗ ಒಂದೂ ಸಿಗಲಿಲ್ಲ. ಅಂದರೆ ಇಷ್ಟೊಂದು ಭರವಸೆಯಿಂದ ಮಾರಾಟವಾಗುವ ಗುಳಿಗೆಗೆ ಓಟಗಾರನ ಮಟ್ಟಿಗೆ ಆಧಾರವೇ ಇರಲಿಲ್ಲ!

ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದಿದೆ. ದಕ್ಷಿಣ ಆಫ್ರಿಕದ ವೈದ್ಯ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು ಅತಿದೂರದ ರಸ್ತೆ ಓಟವೊಂದರಲ್ಲಿ ಓಡಿದವರ ರಕ್ತವನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಸೆಳೆತ ಬಂದವರಿಗೂ ಬಾರದವರಿಗೂ ನಿರ್ಜಲೀಕರಣದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಓಟ ಮುಗಿದಾಗ ಸೆಳೆತ ಬಂದವರ ರಕ್ತದಲ್ಲಿ ಮೆಗ್ನೀಸಿಯಮ್ ಕಡಿಮೆಯಿರಲಿಲ್ಲ. ತುಸು ಹೆಚ್ಚೇ ಇತ್ತು.

ಹಾಗಾದರೆ ಕಾಲು ಹಿಡಿಯುವುದೇಕೆ? ಸ್ನಾಯುವಿಗೆ ಎರಡು ಬಗೆಯ ಸಂಕೇತಗಳು ಒದಗುತ್ತವೆ. ಒಂದು 'ಬಿಗಿದುಕೋ' ಎನ್ನುತ್ತದೆ; ಸ್ನಾಯುರಜ್ಜುವಿನ ಕಡೆಯಿಂದ ಬರುವ ಇನ್ನೊಂದು 'ಸಾಕು, ಸಡಿಲಿಸು' ಎನ್ನುತ್ತದೆ. ಸ್ನಾಯು ದಣಿದಾಗ ಮೊದಲನೆಯದು ಬಲಗೊಂಡು ಎರಡನೆಯದು ಕುಗ್ಗುತ್ತದೆ. ಆಗ ಸ್ನಾಯು ಬಿಗಿದದ್ದು ಬಿಗಿದಂತೆಯೇ ಗಂಟಾಗುತ್ತದೆ. ಶ್ವೆಲ್ನಸ್ ಮೊದಲಾದವರು 1997ರಲ್ಲಿ ಮುಂದಿಟ್ಟ ಈ ವಿವರಣೆಗೆ ಇಂದು ಹೆಚ್ಚಿನ ಮನ್ನಣೆಯಿದೆ. ಅಭ್ಯಾಸಕ್ಕಿಂತ ಹೆಚ್ಚು ವೇಗದಲ್ಲಿ ಓಡಿದವರಿಗೆ, ಹಿಂದೆ ಸೆಳೆತ ಬಂದಿದ್ದವರಿಗೆ ಇದು ಹೆಚ್ಚಾಗಿ ಬರುವುದೂ ಇದಕ್ಕೆ ಹೊಂದುತ್ತದೆ.

ಉಪ್ಪಿನ ಪಾತ್ರವೇ ಇಲ್ಲವೆಂದಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಬಿಸಿಯಲ್ಲಿ ಬೆವರು ಸುರಿಸಿ ಬರಿಯ ನೀರು ಕುಡಿಯುತ್ತಿದ್ದ ಕೆಲಸಗಾರರಿಗೆ ತೀವ್ರ ಸೆಳೆತ ಬರುತ್ತಿದ್ದುದನ್ನು 1923ರಲ್ಲಿಯೇ ದಾಖಲಿಸಲಾಗಿತ್ತು. ಆದರೆ ಅಲ್ಲಿ ಕೊರತೆಯಾಗಿದ್ದುದು ಅಡಿಗೆಯ ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂವರೆಗೆ ಸೋಡಿಯಂ ಹೋಗಬಹುದು. ಅದರ ಮುಂದೆ ಬೆವರಿನ ಮೆಗ್ನೀಸಿಯಮ್ ತೀರ ಅಲ್ಪ. ಉಪ್ಪಿನ ಕೊರತೆಗೆ ಮೆಗ್ನೀಸಿಯಮ್ ನುಂಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ.

'ಗುಳಿಗೆ ತೆಗೆದುಕೊಂಡ ಮೇಲೆ ನನಗೆ ಸೆಳೆತ ಬಂದಿಲ್ಲವಲ್ಲ' ಎಂದು ಕೆಲವರು ಕೇಳಬಹುದು. ಸೆಳೆತವು ಪ್ರತಿ ಓಟದಲ್ಲಿಯೂ ತಪ್ಪದೆ ಬರುವ ಅತಿಥಿಯಲ್ಲ. ಒಮ್ಮೆ ನರಳಿದವನು ಮುಂದಿನ ಸಲ ತುಸು ನಿಧಾನವಾಗಿ ಹೊರಡುತ್ತಾನೆ, ಅಷ್ಟರಲ್ಲಿ ಅಭ್ಯಾಸವೂ ಹೆಚ್ಚಿರುತ್ತದೆ, ಹವೆಯೂ ಬದಲಾಗಿರುತ್ತದೆ. ಗುಣವಾದದ್ದಕ್ಕೆ ಕಾರಣಗಳು ಹಲವು. ಕೀರ್ತಿ ಮಾತ್ರ ಗುಳಿಗೆಗೆ. ರಕ್ತದಲ್ಲಿರುವುದು ದೇಹದ ಮೆಗ್ನೀಸಿಯಮ್ಮಿನ ಶೇಕಡಾ ಒಂದಕ್ಕಿಂತ ಕಡಿಮೆ, ಆದ್ದರಿಂದ ಪರೀಕ್ಷೆಯಲ್ಲಿ ಕೊರತೆ ಅಡಗಿರಬಹುದು ಎಂಬ ವಾದವೂ ಉಂಟು. ಅದು ನಿಜವೇ. ಆದರೆ ಅಡಗಿರಬಹುದು ಎಂಬುದು ಅಡಗಿದೆ ಎಂಬುದಕ್ಕೆ ಸಾಕ್ಷಿಯಾಗದು.

'ಲಾಭವಿಲ್ಲದಿದ್ದರೂ ನಷ್ಟವಿಲ್ಲವಲ್ಲ' ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೆಗ್ನೀಸಿಯಮ್ಮಿನ ಹಲವು ಲವಣಗಳು ಹಿಂದಿನಿಂದಲೂ ಭೇದಿಗೆ ಕೊಡುತ್ತಿದ್ದ ಔಷಧಗಳೇ. ಓಟದ ಹಿಂದಿನ ದಿನ ಅವುಗಳನ್ನು ಸೇವಿಸಿದವನ ಪಾಡನ್ನು ವಿವರಿಸಬೇಕಾಗಿಲ್ಲ. ಡಬ್ಬಿಯ ಮೇಲೆ 500 ಮಿಲಿಗ್ರಾಂ ಮೆಗ್ನೀಸಿಯಮ್ ಆಕ್ಸೈಡ್ ಎಂದಿದ್ದರೆ ಅದರಲ್ಲಿ ನಿಜವಾದ ಮೆಗ್ನೀಸಿಯಮ್ ಸುಮಾರು 300 ಮಿಲಿಗ್ರಾಂ. ಆಹಾರದ ಹೊರತಾಗಿ ಗುಳಿಗೆಗಳ ಮೂಲಕ ವಯಸ್ಕರು ದಿನಕ್ಕೆ 350 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ತಜ್ಞರು ಮಿತಿ ಹಾಕಿದ್ದಾರೆ. ಎರಡು ಗುಳಿಗೆಗಳಿಗೆ ಈ ಮಿತಿ ದಾಟುತ್ತದೆ. ಥೈರಾಯ್ಡ್ ಗುಳಿಗೆ ಮತ್ತು ಕೆಲವು ಪ್ರತಿಜೈವಿಕ ಔಷಧಗಳನ್ನು ಇದರ ಜೊತೆಗೇ ನುಂಗಿದರೆ ಅವು ರಕ್ತಕ್ಕೆ ಸೇರುವುದು ಕುಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚಾದ ಮೆಗ್ನೀಸಿಯಮ್ಮನ್ನು ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಅವು ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಶೇಖರವಾಗಿ ರಕ್ತದೊತ್ತಡ ಕುಸಿಯಬಹುದು, ಹೃದಯದ ಲಯವೇ ತಪ್ಪಬಹುದು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿರುವುದು ಎಷ್ಟೋ ಹಿರಿಯರಿಗೆ ತಿಳಿದೇ ಇರುವುದಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಮ್ ಎರಡೂ ಕಡಿಮೆಯಾಗಬಹುದು. ಆಮ್ಲ ತಗ್ಗಿಸುವ ಕೆಲವು ಗುಳಿಗೆಗಳನ್ನು ವರ್ಷಗಟ್ಟಲೆ ಸೇವಿಸಿದರೂ ಮೆಗ್ನೀಸಿಯಮ್ ಇಳಿಯಬಹುದು. ಇಂಥವರಿಗೆ ಬೇಕಾದದ್ದು ವೈದ್ಯರ ಪರೀಕ್ಷೆ. ತಾವಾಗಿಯೇ ಕೊಂಡ ಡಬ್ಬಿಯು ಆ ಪರೀಕ್ಷೆಯನ್ನು ಮುಂದಕ್ಕೆ ತಳ್ಳುತ್ತದೆ. ಓಡದೆ ಇರುವಾಗಲೂ ಮೇಲಿಂದ ಮೇಲೆ ಸೆಳೆತ ಬಂದರೆ, ಒಂದೇ ಕಾಲು ಊದಿಕೊಂಡರೆ, ಓಟದ ಅನಂತರ ಮೂತ್ರ ಚಹದ ಡಿಕಾಕ್ಷನ್ನಿನಂತೆ ಕಪ್ಪಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಉಳಿದವರು ಮಾಡಬೇಕಾದದ್ದು ಸರಳ. ಸೆಳೆತ ಬಂದ ಕೂಡಲೆ ನಿಂತು, ಕುಳಿತು, ಮಂಡಿಯನ್ನು ನೀಳವಾಗಿಟ್ಟು ಪಾದದ ಬೆರಳುಗಳನ್ನು ತಮ್ಮ ಕಡೆಗೆ ಎಳೆದು ಹಿಡಿಯಬೇಕು. ನೋವು ಇಳಿದ ಮೇಲೆ ಮೆಲ್ಲನೆ ನಡೆಯಬೇಕು. ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಸ್ಪರ್ಧೆಯಲ್ಲಿ ಏರುದಾರಿ ಇದ್ದರೆ ಅಭ್ಯಾಸದಲ್ಲಿಯೂ ಏರು ಹತ್ತಿರಬೇಕು. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮದಿಂದ ಮೀನಖಂಡವನ್ನು ಬಲಪಡಿಸಬೇಕು. ಬಾಯಾರಿದಷ್ಟು ನೀರು ಕುಡಿಯಬೇಕು. ಬಿಸಿಲಿನ ದೀರ್ಘ ಓಟದಲ್ಲಿ ಉಪ್ಪು ಬೆರೆಸಿದ ನಿಂಬೆಯ ಪಾನಕ ಒಳ್ಳೆಯದು. ಆದರೆ ರಕ್ತದೊತ್ತಡವಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು.

ಮೆಗ್ನೀಸಿಯಮ್ ಬೇಕೆಂದರೆ ಅದು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 145, ಜೋಳದಲ್ಲಿ ಸುಮಾರು 130 ಮಿಲಿಗ್ರಾಂ ಇದ್ದರೆ, ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು 20ರಷ್ಟು ಮಾತ್ರ. ಹಳೆಯ ಮೈಸೂರಿನವರು ಮುದ್ದೆಯನ್ನೂ ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯನ್ನೂ ಊರಿನಲ್ಲಿಯೇ ಬಿಟ್ಟು ಬಂದು, ಇಲ್ಲಿ ಡಬ್ಬಿಯ ಮೆಗ್ನೀಸಿಯಮ್ಮಿಗೆ ಹಣ ತೆರುವುದು ವಿಚಿತ್ರವಲ್ಲವೆ? ಊಟವೂ ಸೆಳೆತವನ್ನು ತಡೆಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಗಳಿಂದ ಯಾರಿಗೂ ಕೇಡಾಗದು.

ನಮ್ಮ ಸಂಘಸಂಸ್ಥೆಗಳು ಈ ವಿಷಯದಲ್ಲಿ ಮನಸ್ಸು ಮಾಡಬಹುದು. ಓಟದ ಋತುವಿಗೆ ಮೊದಲು ಒಂದು ಭಾನುವಾರ ವೈದ್ಯರನ್ನೂ ವ್ಯಾಯಾಮ ಚಿಕಿತ್ಸಕರನ್ನೂ ಕರೆಸಿ, ನಮ್ಮ ಓಟಗಾರರ, ಅದರಲ್ಲಿಯೂ ಐವತ್ತು ದಾಟಿದವರ, ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ, ಅವರು ಸೇವಿಸುವ ಔಷಧಗಳ ಪಟ್ಟಿಯನ್ನು ನೋಡಿಸಿದರೆ ಅದು ನೂರು ಡಬ್ಬಿ ಗುಳಿಗೆಗಳಿಗಿಂತ ಮಿಗಿಲಾದ ಸೇವೆಯಾದೀತು. ಓಡುವ ಕಾಲುಗಳು ನಮ್ಮ ಸಮಾಜದ ಸಂಪತ್ತು. ಅವುಗಳ ರಕ್ಷಣೆಯನ್ನು ಅಂಗಡಿಯ ಕಪಾಟಿಗೆ ಒಪ್ಪಿಸದೆ ನಮ್ಮ ವಿವೇಕಕ್ಕೆ ಒಪ್ಪಿಸೋಣ.