ದೊಡ್ಡ ಸಾಲ ಅಲ್ಲ, ದೊಡ್ಡ ಬಡ್ಡಿ ಮೊದಲು ತೀರಿಸ್ರಿ

ಈ ಸಲ ಬೆಳೆ, ರೋಗ, ಔಷಧ ಯಾವುದೂ ಇಲ್ಲ. ಸಾಲದ ಬಗ್ಗೆ ಬರೀತಿದೀನಿ. ನಮ್ಮ ವಡ್ಡು ಸುತ್ತಮುತ್ತ ಮೆಣಸಿನ ಗಿಡಕ್ಕೆ ಬರೋ ಮುಟುರು ರೋಗಕ್ಕಿಂತ ಜಾಸ್ತಿ ಮನೆ ಹಾಳು ಮಾಡಿರೋದು ಅದೇ. ಆದ್ರೆ ರೋಗದ ಬಗ್ಗೆ ಎಲ್ಲರೂ ಮಾತಾಡ್ತೀವಿ, ಸಾಲದ ಬಗ್ಗೆ ಯಾರೂ ಬಾಯಿ ಬಿಡಲ್ಲ.

2024ರ ಮಾರ್ಚ್ ನೆನಪು ಮಾಡ್ಕೊಳ್ರಿ. ಮೆಣಸಿನಕಾಯಿ ರೇಟ್ ಬಿದ್ದು, 11ನೇ ತಾರೀಖು ಬ್ಯಾಡಗಿ ಮಾರ್ಕೆಟ್‌ನಲ್ಲಿ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ಗಾಡಿಗಳಿಗೆ ಬೆಂಕಿ ಬಿತ್ತು. ನನ್ನ ಮಾಲು ಆಗ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು. ಯುಗಾದಿ ಆಗಿ ಮೂರು ದಿನಕ್ಕೆ ಒಬ್ಬ ಸಾಲಗಾರ ಮನೆ ಬಾಗಿಲಿಗೆ ಬಂದು ಕೂತ. ನನ್ನ ಹೆಂಡತಿಗೆ ಆ ಸಾಲ ಇರೋದೇ ಗೊತ್ತಿರಲಿಲ್ಲ. 2 ಲಕ್ಷ, ನೂರಕ್ಕೆ ಮೂರು ರೂಪಾಯಿ ಬಡ್ಡಿ, ಮೂರು ವರ್ಷದಿಂದ ಮುಚ್ಚಿಟ್ಟಿದ್ದೆ. ಅವನು ಹೋದ ಮೇಲೆ ಅವಳು ಜಗಳ ಮಾಡ್ತಾಳೆ ಅಂದ್ಕೊಂಡೆ. ಮಾಡಲಿಲ್ಲ. "ನಂದೂ ಒಂದು ಸಂಘದ ಸಾಲ ಐತಿ, ನಿಮಗೆ ಹೇಳಿಲ್ಲ" ಅಂದ್ಲು.

ಆ ರಾತ್ರಿ ಮಗಳ ಹಳೇ ನೋಟ್‌ಬುಕ್‌ನಲ್ಲಿ ಎಲ್ಲ ಬರೆಸಿದೆವು. ನಾವು ಹೇಳೋದು, ಅವಳು ಬರೆಯೋದು. ನಾಚಿಕೆ ಬಿಟ್ಟು ಇಲ್ಲಿ ಹಾಕ್ತೀನಿ:

ಸೊಸೈಟಿ ಬೆಳೆ ಸಾಲ 1,50,000. ಬಡ್ಡಿ ಇಲ್ಲ.
ಬ್ಯಾಂಕಿನ ಬಂಗಾರದ ಸಾಲ 1,80,000. ವರ್ಷಕ್ಕೆ 18,000 ಬಡ್ಡಿ.
ಕೈಸಾಲ 2,00,000. ತಿಂಗಳಿಗೆ 6,000, ವರ್ಷಕ್ಕೆ 72,000.
ಗೊಬ್ಬರದ ಅಂಗಡಿ ಉದ್ರಿ 70,000. ನೂರಕ್ಕೆ ಎರಡರ ಲೆಕ್ಕ, ವರ್ಷಕ್ಕೆ 16,800.
ಸಂಘದ ಕಿರುಸಾಲ ಎರಡು ಸೇರಿ 60,000. ಬಡ್ಡಿ ಹತ್ತಿರಹತ್ತಿರ 14,400.

ಒಟ್ಟು ಸಾಲ 6,60,000. ವರ್ಷದ ಬಡ್ಡಿ 1,21,200. ಅಂದ್ರೆ ತಿಂಗಳಿಗೆ 10 ಸಾವಿರ ಬರೀ ಬಡ್ಡಿ. ಇಷ್ಟು ವರ್ಷ ನಾನು ತಲೆ ಕೆಡಿಸ್ಕೊಂಡಿದ್ದು ಬ್ಯಾಂಕು, ಸೊಸೈಟಿ ಬಗ್ಗೆ. ನೋಟಿಸು ಬರೋದು ಅಲ್ಲಿಂದ ನೋಡ್ರಿ. ಆದ್ರೆ ಮನೆ ತಿಂತಾ ಇದ್ದದ್ದು ಕೈಸಾಲ. ಒಟ್ಟು ಸಾಲದಲ್ಲಿ ಅದು ಮೂರನೇ ಒಂದು ಪಾಲೂ ಇಲ್ಲ, ಬಡ್ಡಿಯಲ್ಲಿ ಮಾತ್ರ ಅರ್ಧಕ್ಕಿಂತ ಜಾಸ್ತಿ. ನೂರಕ್ಕೆ ಮೂರು ಅಂತ ಹೇಳೋವಾಗ ಮೂರೇ ರೂಪಾಯಿ ಅನ್ಸುತ್ತೆ. ಅದು ವರ್ಷಕ್ಕೆ 36.

ಸಾಲ ತೀರಿಸೋಕೆ ಹೊರಟವರು ಯಾವ ಸಾಲ ದೊಡ್ಡದು ಅಂತ ನೋಡಬಾರದು, ಯಾವ ಬಡ್ಡಿ ದೊಡ್ಡದು ಅಂತ ನೋಡಬೇಕು. ಅದಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೂ ಮುಚ್ಚಿಟ್ಟಿದ್ದನ್ನೆಲ್ಲ ಒಂದೇ ಹಾಳೆ ಮೇಲೆ ತರಬೇಕು. ಅರ್ಧ ಸಾಲ ಗೊತ್ತಿರೋ ಮನೆಯಲ್ಲಿ ಬಜೆಟ್ ಅನ್ನೋದೇ ಸುಳ್ಳು.

ನಾವು ಏನು ಮಾಡಿದೆವು ಅಂದ್ರೆ, ಮೊದಲು ಹೆಂಡತಿಯ ಉಳಿದ ಸರ ಬ್ಯಾಂಕಿಗಿಟ್ಟು 1 ಲಕ್ಷ ತಂದು ಕೈಸಾಲದ ಅರ್ಧ ಕಟ್ಟಿದೆವು. 36 ಸಾವಿರ ಬಡ್ಡಿ ಹೋಗೋ ಕಡೆ 10 ಸಾವಿರ ಆಯ್ತು. ವರ್ಷಕ್ಕೆ 26 ಸಾವಿರ ಉಳೀತು, ಒಂದು ಹನಿ ಬೆವರು ಸುರಿಸದೆ. ಆದ್ರೆ ಒಂದು ಎಚ್ಚರ: ಬಂಗಾರದ ರೇಟ್ ಏರಿರೋದ್ರಿಂದ ರಿನಿವಲ್‌ಗೆ ಹೋದಾಗ ಅದೇ ಬಂಗಾರಕ್ಕೆ ಇನ್ನೂ ಜಾಸ್ತಿ ದುಡ್ಡು ಸಿಗುತ್ತೆ ಅಂತಾರೆ. ಆಸೆ ಆಗುತ್ತೆ. ತಗೊಂಡ್ರೆ ಮುಗೀತು, ಹಳೇ ಸಾಲದ ಮೇಲೆ ಹೊಸ ಸಾಲ.

ಎರಡನೇದು, ಕಾಯೋದು ಬಿಟ್ಟೆ. ರೇಟ್ ಬರ್ಲಿ ಅಂತ ಮಾಲು ಇಟ್ಕೊಂಡು ಕೂತಿದ್ನಲ್ಲ, ಇವತ್ತು 12 ಸಾವಿರ ಸಿಗೋ ಕ್ವಿಂಟಲ್ ಅಂತ ಇಟ್ಕೊಳ್ರಿ. ಮೂರು ರೂಪಾಯಿ ಬಡ್ಡಿ ಸಾಲ ತಲೆ ಮೇಲಿಟ್ಕೊಂಡು ಆರು ತಿಂಗಳು ಕಾದ್ರೆ, 14,160 ಆದಾಗಲೂ ನಾನು ನಿಂತಲ್ಲೇ ನಿಂತಿರ್ತೀನಿ. ಸ್ಟೋರೇಜ್ ಬಾಡಿಗೆ ಬೇರೆ. ಸಾಲ ಇಲ್ಲದವನು ಕಾಯಬಹುದು. ನಮ್ಮಂಥವರ ಮಾಲು ಚೀಲದಲ್ಲಿ ಕೂತೇ ಬಡ್ಡಿ ಕಟ್ತಿರುತ್ತೆ.

ಮೂರನೇದು ಮನೆ ಖರ್ಚು. ಐದು ಜನರ ಮನೆ, ವರ್ಷಕ್ಕೆ 2,10,000 ಹೋಗ್ತಿತ್ತು. ಊಟಕ್ಕೆ ಕೈ ಹಾಕಲಿಲ್ಲ, ಮಗಳ ಓದಿಗೆ ಹಾಕಲಿಲ್ಲ. ತೋರಣಗಲ್ಲಿಗೆ ಸುಮ್ಸುಮ್ನೆ ದಿನಾ ಬೈಕ್ ಓಡಿಸೋದು, ಅಲ್ಲಿ ಚಹಾ, ಗುಟ್ಕಾ, ಮೂರು ಮೊಬೈಲ್ ರೀಚಾರ್ಜು, ಜಾತ್ರೆಗೆ ಗಾಡಿ ಮಾಡ್ಕೊಂಡು ಹೋಗೋದು, ಆಮೇಲೆ ಮದುವೆ ಮುಯ್ಯಿ. ಒಂದು ವರ್ಷಕ್ಕೆ 31 ಮದುವೆಗೆ ಹೋಗಿದ್ದೆವು! ಮುಯ್ಯಿಗೆ ವರ್ಷಕ್ಕೆ ಇಷ್ಟೇ ಅಂತ ಗೆರೆ ಹಾಕಿದೆವು. ದೂರದ ಮದುವೆಗೆ ಒಬ್ಬರೇ ಹೋದೆವು. ನಾಲ್ಕು ಜನ ಮಾತಾಡಿದ್ರು, ಮಾತಾಡ್ಲಿ. ಖರ್ಚು 1,65,000ಕ್ಕೆ ಇಳೀತು. ಉಳಿದ 45 ಸಾವಿರ ಸಣ್ಣದಲ್ಲ. ಗುಟ್ಕಾ ನಂದೇ. ಅದು ಬಿಡೋದು ಎಲ್ಲಕ್ಕಿಂತ ಕಷ್ಟ ಆಯ್ತು.

ನೌಕರಿ ಮಾಡೋರ ಬಜೆಟ್ ಬೇರೆ, ನಮ್ಮದು ಬೇರೆ. ಅವರಿಗೆ ತಿಂಗಳಿಗೊಮ್ಮೆ ದುಡ್ಡು. ನಮಗೆ ವರ್ಷಕ್ಕೆ ಎರಡು ಸಲ ಬಂದ್ರೆ ದೊಡ್ಡದು, ಹೊಟ್ಟೆ ಮಾತ್ರ ಹನ್ನೆರಡು ತಿಂಗಳೂ ಇರುತ್ತೆ. ಹಿಂದೆ ನಾನು ಮಾಲು ಮಾರಿದ ದಿನವೇ ಎಲ್ಲರಿಗೂ ಕೊಟ್ಟು ಕೈ ತೊಳ್ಕೊಂಡು, ಎರಡು ತಿಂಗಳಿಗೆ ಮತ್ತೆ ಅವರ ಹತ್ರಾನೇ ಹೋಗ್ತಿದ್ದೆ. ಅವರಿಗೂ ಅದೇ ಬೇಕಿತ್ತು. ಈಗ ದುಡ್ಡು ಬಂದ ದಿನ ಮೊದಲು ಮುಂದಿನ ಹಂಗಾಮಿನ ಬೀಜ ಗೊಬ್ಬರದ್ದು ಎತ್ತಿಡ್ತೀವಿ, ಆಮೇಲೆ ಮನೆ ಖರ್ಚು, ಮಗಳ ಫೀಸು, ಆಸ್ಪತ್ರೆಗೆ ಅಂತ ಒಂದಿಷ್ಟು. ಉಳಿದದ್ದು ಸಾಲಕ್ಕೆ. ಆಸ್ಪತ್ರೆ ದುಡ್ಡು ಎತ್ತಿಡದೆ ಸಾಲ ಕಟ್ಟಿದ್ರೆ, ನಮ್ಮವ್ವಗೆ ಒಂದು ಸಲ ಜ್ವರ ಬಂದ್ರೆ ಸಾಕು, ಮತ್ತೆ ಕೈಸಾಲ.

ವಾರದ ಕಂತಿಗೆ ಎಮ್ಮೆ ಹಾಲಿನ ದುಡ್ಡು ಆಯ್ತು. ಒಂದು ಸಂಘದ ಸಾಲ ಮುಗಿಯೋದೇ ತಡ ಇನ್ನೊಂದು ಕೊಡ್ತೀವಿ ಅಂತ ಬಂದ್ರು. ಹೆಂಡತಿ ಬೇಡ ಅಂದ್ಲು. ವಸೂಲಿ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು, ಒಳ್ಳೇದಾಯ್ತು. ಆದ್ರೆ ಕಾನೂನು ಬಾಗಿಲಲ್ಲಿ ಕೂಗಾಡೋನನ್ನ ತಡೀಬಹುದು, ತಗೊಂಡ ಸಾಲದ ಕಂತು ಕಟ್ಟಲ್ಲ. ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗೋ ಮಗ ತಿಂಗಳಿಗೆ 5 ಸಾವಿರ ಕೊಟ್ಟ. ಹೊಸ ಬೈಕ್ ಕಂತಿಗೆ ಅಂತ ಇಟ್ಕೊಂಡಿದ್ದ ದುಡ್ಡು ಅದು. ಅದರಲ್ಲೇ ಕೈಸಾಲದ ಉಳಿದ 1 ಲಕ್ಷ ಎರಡು ವರ್ಷದೊಳಗೆ ಹೋಯ್ತು. ಗೊಬ್ಬರದ ಉದ್ರಿ ಜೋಳ, ಹತ್ತಿ ದುಡ್ಡಲ್ಲಿ ಹೋಯ್ತು. ಈಗ ಗೊಬ್ಬರ ನಗದಿಗೆ ತರ್ತೀನಿ, ಚೌಕಾಸಿ ಮಾಡೋ ಧೈರ್ಯಾನೂ ಬಂದಿದೆ.

ಸೊಸೈಟಿ ಸಾಲ ಮಾತ್ರ ಬೇಕಂತಲೇ ಇಟ್ಕೊಂಡಿದೀನಿ. ಶೂನ್ಯ ಬಡ್ಡಿ ಸಾಲದ ಮಿತಿಯನ್ನ ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸ್ತು. ಆದ್ರೆ ಗಡುವು ತಪ್ಪಿದ್ರೆ ಶೂನ್ಯ ಅನ್ನೋದು ಹೋಗುತ್ತೆ, ಬಡ್ಡಿ ಬೀಳುತ್ತೆ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲೂ ಹಂಗೇ, 3 ಲಕ್ಷದವರೆಗೆ ಟೈಮಿಗೆ ಕಟ್ಟಿದ್ರೆ ನೂರಕ್ಕೆ ವರ್ಷಕ್ಕೆ 4, ಇಲ್ಲಾಂದ್ರೆ 7. ಆ ತಾರೀಖು ನಮ್ಮ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಬರೆದಿದೆ.

ಹೇಳಿದ್ರೆ ಕೆಲವರು "ತೀರಿಸ್ಬೇಡ, ಮನ್ನಾ ಆಗುತ್ತೆ" ಅಂತಾರೆ. 2017ರಲ್ಲಿ ಸಹಕಾರಿ ಸಂಘದ ಸಾಲದಲ್ಲಿ 50 ಸಾವಿರ ಮನ್ನಾ ಆಯ್ತು. 2018ರಲ್ಲಿ ಸೊಸೈಟಿಯದು 1 ಲಕ್ಷದವರೆಗೆ, ಬ್ಯಾಂಕಿನದು 2 ಲಕ್ಷದವರೆಗೆ. ಬಂದ್ರೆ ಬೇಡ ಅನ್ನಲ್ಲ. ಆದ್ರೆ ಆ ಎರಡರಲ್ಲೂ ಕೈಸಾಲದ ಒಂದು ರೂಪಾಯಿ ಮನ್ನಾ ಆಗಿಲ್ಲ. ಮನ್ನಾ ಆಗೋದು ಕಡಿಮೆ ಬಡ್ಡಿ ಸಾಲ, ಮನೆ ಮುಳುಗಿಸೋದು ಜಾಸ್ತಿ ಬಡ್ಡಿ ಸಾಲ.

ಇನ್ನು ಕೆಲವರು "ಪುಸ್ತಕ ಬರೆದ್ರೆ ಮೆಣಸಿನಕಾಯಿ ರೇಟ್ ಏರುತ್ತೇನು?" ಅಂತಾರೆ. ಇಲ್ಲ. ಆ ಮಾತು ನಿಜ. ಮೆಣಸಿನಕಾಯಿಗೆ ಬೆಂಬಲ ಬೆಲೆ ಪಟ್ಟಿಯಲ್ಲಿ ಜಾಗಾನೇ ಇಲ್ಲ. ರೇಟ್ ಬಿದ್ದು ಸಾಲ ಆದವನಿಗೆ "ನಿನಗೆ ಲೆಕ್ಕ ಬರಲ್ಲ" ಅಂದ್ರೆ ಅದು ಅನ್ಯಾಯ. ನ್ಯಾಯವಾದ ಬೆಲೆ ಕೇಳೋದು ಬಿಡಬಾರದು. ಆದ್ರೆ ಬೆಲೆ ನಮ್ಮ ಕೈಲಿಲ್ಲ, ಯಾರ ಹತ್ರ ಎಷ್ಟು ಬಡ್ಡಿಗೆ ತರ್ತೀವಿ ಅನ್ನೋದು ಒಂದಿಷ್ಟಾದ್ರೂ ನಮ್ಮ ಕೈಲಿದೆ. ಹೋರಾಟಕ್ಕೆ ಹೋಗೋಕೂ ತಿಂಗಳಿಗೆ 10 ಸಾವಿರ ಬಡ್ಡಿ ಕಟ್ಟೋನಿಗೆ ಕಾಲಲ್ಲಿ ಶಕ್ತಿ ಇರಲ್ಲ.

ಎರಡು ವರ್ಷ ಆಯ್ತು. ಪೂರ್ತಿ ತೀರಿದೆ ಅಂತ ಸುಳ್ಳು ಹೇಳಲ್ಲ. ಸೊಸೈಟಿಯದು 1,50,000, ಬಂಗಾರದ್ದು 2,10,000 ಇದೆ. ಒಟ್ಟು 3,60,000. ಆದ್ರೆ ವರ್ಷದ ಬಡ್ಡಿ 1,21,200 ಇದ್ದದ್ದು 21 ಸಾವಿರಕ್ಕೆ ಬಂದಿದೆ. ಸರ ಇನ್ನೂ ಬ್ಯಾಂಕಿನಲ್ಲೇ ಐತಿ. ಮುಂದಿನ ಮೆಣಸಿನಕಾಯಿ ದುಡ್ಡಲ್ಲಿ ಮೊದಲು ಅದನ್ನೇ ಬಿಡಿಸೋದು, ಮಾತು ಕೊಟ್ಟಿದೀನಿ.

ಇದನ್ನ ಓದ್ತಿರೋರಲ್ಲಿ ಮನೆಯವರಿಗೆ ಹೇಳದೆ ಸಾಲ ಇಟ್ಕೊಂಡೋರು ಒಬ್ಬರಾದ್ರೂ ಇರ್ತೀರಿ, ನನಗೆ ಗೊತ್ತು. ಮೂರು ವರ್ಷ ನಾನೂ ರಾತ್ರಿ ನಿದ್ದೆ ಇಲ್ಲದೆ ಮೋಟ್ರು ನೋಡಿ ಬರ್ತೀನಿ ಅಂತ ಹೊಲಕ್ಕೆ ಹೋಗಿ ಕೂತಿದ್ದೋನೇ. ಇವತ್ತು ಊಟ ಆದ ಮೇಲೆ ಒಂದು ಹಾಳೆ ತಗೊಂಡು ಹೆಂಡತಿ ಮಕ್ಕಳನ್ನ ಕೂರಿಸ್ಕೊಳ್ರಿ. ಲೆಕ್ಕ ಹಾಕೋಕೆ ಯಾರೂ ಇಲ್ಲ ಅಂದ್ರೆ ವಡ್ಡಿಗೆ ಬರ್ರಿ, ನೋಟ್‌ಬುಕ್ ಇನ್ನೂ ಅರ್ಧ ಖಾಲಿ ಐತಿ.