ನಾಲ್ಕು ಸಾಲಿಗೂ ಕೂಲಿ ಇದೆ ಸ್ವಾಮಿ!

ಹಬ್ಬ ಬಂತೆಂದರೆ ಅಂಗಡಿಯವರಿಗೆ ಕರಪತ್ರ ಬೇಕು, ಬ್ಯಾನರ್ ಬೇಕು, ವಾಟ್ಸಾಪಿಗೆ ಜಾಹೀರಾತೂ ಬೇಕು. ಕಾಗದಕ್ಕೆ ದುಡ್ಡು ಕೊಡ್ತಾರೆ, ಪ್ರೆಸ್ಸಿಗೆ ಕೊಡ್ತಾರೆ, ಬ್ಯಾನರ್ ಕಟ್ಟುವ ಹುಡುಗನಿಗೂ ಕೊಡ್ತಾರೆ. ಬರೆದುಕೊಟ್ಟವರಿಗೆ ಮಾತ್ರ ‘ನಾಲ್ಕು ಸಾಲು ತಾನೇ, ಬರೆದುಕೊಡಮ್ಮ’ ಎಂಬ ಉಪಚಾರದ ಮಾತು!

ಡಿಗ್ರಿ ಮುಗಿಸಿ, ಊರು ಬಿಡಲಾಗದೆ, ಮನೆಯಲ್ಲೇ ಕೂತು ಜಾಹೀರಾತು ಬರೆದು ನಾಲ್ಕು ಕಾಸು ದುಡಿಯಲು ಹೊರಟವರು ನಮ್ಮ ಊರುಗಳಲ್ಲೂ ಇದ್ದಾರೆ. ದೊಡ್ಡ ಬಂಡವಾಳ ಬೇಡ. ಒಂದು ಫೋನು, ಒಳ್ಳೆಯ ಕನ್ನಡ ಸಾಕು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಗಿದೆ. ಆದರೂ ಬಸ್ ಸ್ಟ್ಯಾಂಡಿನಿಂದ ಪೇಟೆಯವರೆಗೆ ನಡೆದು ನೋಡಿ, ಬೋರ್ಡುಗಳ ಕಾಗುಣಿತದ ತಪ್ಪು ಕಣ್ಣಿಗೆ ರಾಚುತ್ತದೆ. ಅಂದಮೇಲೆ ಕೆಲಸಕ್ಕೇನೂ ಬರವಿಲ್ಲ.

ಹೊಸಬರಿಗೊಂದು ಕಿವಿಮಾತು. ಪರಿಚಯದ ಎರಡು ಮೂರು ಅಂಗಡಿಗಳಿಂದ ಶುರು ಮಾಡಿ, ಬರೆದದ್ದನ್ನು ಮಾದರಿಗೆ ಇಟ್ಟುಕೊಳ್ಳಿ. ದರ ಎಷ್ಟು, ಎಷ್ಟು ಸಲ ತಿದ್ದಿಕೊಡುವುದು, ಹಣ ಯಾವತ್ತು ಎಂಬುದು ಚೀಟಿಯಲ್ಲಿರಲಿ. ಅರ್ಧ ಮುಂಗಡ ಬಾರದೆ ಪೆನ್ನು ಹಿಡಿಯಬೇಡಿ. ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಹಾಗೆ ನೋಂದಾಯಿಸಿದವರ ಕೆಲಸ ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಸಣ್ಣ ಉದ್ಯಮಗಳ ಕಾಯ್ದೆ ಹೇಳುತ್ತದೆ.

ಮಾಲೀಕರೇ, ‘ಒಂದು ಕೇಜಿ ಸಕ್ಕರೆ ತಾನೇ, ಹಂಗೇ ಕೊಡಿ’ ಅಂತ ಗಿರಾಕಿ ಕೇಳಿದರೆ ತೂಗಿ ಕೊಡ್ತೀರಾ? ಹಾಗಾದರೆ ಅಕ್ಷರವೇನು ಪುಕ್ಕಟೆಯೇ?